ಎಮ್ಮೆ ಎದ್ದ ಮೇಲೆ ಇಳಿಯುವ ವಿಮಾನ

ವಿಮಾನ ಇಳಿಸುವ ಮೊದಲು ಎಮ್ಮೆಗಳ ಅಪ್ಪಣೆಗಾಗಿ ಕಾಯುತ್ತಿದ್ದ ಪೈಲಟ್ ಈ ಭೂಮಿಯ ಮೇಲೆ ಒಬ್ಬರೇ ಇದ್ದರೆ, ಅವರು ನಮ್ಮ ಅಕ್ಕನ ಗಂಡ. ನಾನು ಅವರನ್ನು ಮಾಮಾ ಎನ್ನುತ್ತೇನೆ. ಜೇವರ್ಗಿಯ ಜನ ಬೇರೆ ಏನೇನೋ ಎನ್ನುತ್ತಾರೆ. ಅದನ್ನು ಇಲ್ಲಿ ಬರೆದರೆ ಅಕ್ಕ ನನಗೆ ಚಹಾ ಕೊಡುವುದಿಲ್ಲ.

ಪೈಲಟ್ ಎಂದ ಕೂಡಲೇ ಬಿಳಿ ಅಂಗಿ, ಹೆಗಲ ಮೇಲೆ ಬಂಗಾರದ ಪಟ್ಟಿ ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ಮಾಮಾ ಹಾರಿಸುತ್ತಿದ್ದುದು ಹೊಲಕ್ಕೆ ಔಷಧಿ ಹೊಡೆಯುವ ಒಂದೇ ಸೀಟಿನ ವಿಮಾನ. ಹತ್ತಿ, ತೊಗರಿಗೆ ಹುಳ ಬಿದ್ದರೆ ಅಫಜಲಪುರದಿಂದ ಆಳಂದದವರೆಗೆ ಎಲ್ಲಿಂದಲಾದರೂ ಕರೆ ಬರುತ್ತಿತ್ತು. ಅವರ ಪ್ರಯಾಣಿಕರೆಂದರೆ ಟ್ಯಾಂಕಿನಲ್ಲಿದ್ದ ಔಷಧಿ ಮಾತ್ರ. "ದಾರ್ಯಾಗ ಚಾ ಕೇಳಂಗಿಲ್ಲ, ವಾಂತಿ ಮಾಡ್ಕೊಳ್ಳಂಗಿಲ್ಲ. ಇಂಥಾ ಪ್ಯಾಸೆಂಜರ್ ಯಾರಿಗೆ ಸಿಗ್ತಾರ?" ಎಂದು ಅದರ ಬಗ್ಗೆಯೂ ಹೆಮ್ಮೆ.

ಅವರ ವಿಮಾನ ನಿಲ್ದಾಣವೆಂದರೆ ಇಜೇರಿ ದಾರಿಯಲ್ಲಿ ಗಟ್ಟಿ ಮಣ್ಣಿನ ಒಂದು ಉದ್ದನೆಯ ಪಟ್ಟಿ. ಪಕ್ಕದಲ್ಲಿ ಬೇವಿನ ಮರ, ತಗಡಿನ ಶೆಡ್, ಗಾಳಿ ಯಾವ ಕಡೆಯದೆಂದು ತೋರಿಸಲು ಕಂಬಕ್ಕೆ ಕಟ್ಟಿದ ಬಟ್ಟೆಯ ಚೀಲ. ಆ ಚೀಲವನ್ನು ಯಾರೋ ಕದ್ದರು. ಎರಡೂ ಕಡೆ ಬಾಯಿರುವ ಚೀಲದಲ್ಲಿ ಅವರು ಏನು ತುಂಬಿಕೊಂಡು ಹೋದರೋ, ಇಂದಿಗೂ ನನಗೆ ಅರ್ಥವಾಗಿಲ್ಲ.

ಬೇರೆ ನಿಲ್ದಾಣಗಳಲ್ಲಿ ಇಳಿಯಲು ಅನುಮತಿ ಕೊಡುವವರು ಎತ್ತರದ ಗೋಪುರದಲ್ಲಿ ಕೂತಿರುತ್ತಾರೆ. ನಮ್ಮಲ್ಲಿ ಅವರು ಪಟ್ಟಿಯ ನಡುವೆ ಮಲಗಿರುತ್ತಿದ್ದರು, ಮೆಲುಕು ಹಾಕುತ್ತ. ಮಾಮಾ ಮೊದಲ ಸುತ್ತಿಗೆ ಬಹಳ ಕೆಳಗೆ ಬಂದು ಸದ್ದು ಮಾಡಿ ಹೋಗುವರು. ಎಮ್ಮೆಗಳು ಎದ್ದರೆ ಎರಡನೇ ಸುತ್ತಿಗೆ ಇಳಿಯುವರು. ಏಳದಿದ್ದರೆ ಎಮ್ಮೆ ಕಾಯುವ ಮುದುಕಿ ಕೋಲು ಮೇಲೆತ್ತುವಳು. ಇನ್ನೊಂದು ಸುತ್ತು ಹಾಕಿ ಬಾ ಎಂದರ್ಥ. ಒಮ್ಮೆ ಪೆಟ್ರೋಲ್ ಮುಗಿಯುವಷ್ಟು ಸುತ್ತಾಡಿಸಿದಳು. ಇಳಿದವರೇ ಮಾಮಾ ಕೂಗಾಡಿದರು. ಆಕೆ ಕೋಲು ಊರಿಕೊಂಡು, "ಸಿಟ್ಟಿಗೆ ಯಾಕ ಏಳ್ತಿಯೋ ಯಪ್ಪಾ? ಗಬ್ಬದ ಎಮ್ಮಿ ಅದ, ಸಾವಕಾಶ ಏಳ್ತದ. ನಿನಗರೇ ಮ್ಯಾಲ ಏನ್ ಕೆಲಸಿತ್ತು?" ಎಂದಳು.

ಇನ್ನೊಮ್ಮೆ ಒಬ್ಬ ರೈತ, ಜನ ಡಾಂಬರು ರಸ್ತೆಯ ಮೇಲೆ ಹರಡುವ ಹಾಗೆ, ಪಟ್ಟಿಯ ತುಂಬ ಕೊಯ್ದ ತೊಗರಿ ಗಿಡ ಹರಡಿಬಿಟ್ಟಿದ್ದ. ಲಾರಿಯ ಗಾಲಿ ತುಳಿದು ಕಾಳು ಬಿಡಿಸಿ ರಾಶಿ ಮಾಡುವುದಾದರೆ ವಿಮಾನದ ಗಾಲಿ ಏಕೆ ಮಾಡಬಾರದು? ಮಾಮಾ ಅದರ ಮೇಲೇ ಇಳಿದು, ಬೆವರು ಒರೆಸಿಕೊಳ್ಳುತ್ತ ಹೊರಬಂದರು. ಆ ಮನುಷ್ಯ ಕೈಮುಗಿದು ನಿಂತಿದ್ದ. "ಸಾಹೇಬ್ರ, ಈ ಬಾಜೂಕ ಕಾಳು ಬಿಟ್ಟಿಲ್ರಿ. ಇನ್ನೊಂದ್ ಸಲ ಹಾಯಿಸಿ ಬಿಡ್ರಿ." ಯಾರಾದರೂ ಹಾಯಿಸುತ್ತಾರೆಯೇ? ಮಾಮಾ ಹಾಯಿಸಿದರು.

ನಾನು ಹತ್ತನೇ ತರಗತಿ ಪಾಸು ಮಾಡಿದಾಗ ಇಂಥವರೇ ನನಗೆ ನೌಕರಿ ಕೊಡಿಸಿದರು. ಕೆಲಸ ಬಾವುಟ ಹಿಡಿಯುವುದು. ಹೊಲದ ಕೊನೆಯಲ್ಲಿ ಬಿಳಿ ಬಾವುಟ ಎತ್ತಿ ನಿಲ್ಲಬೇಕು. ವಿಮಾನ ಆ ಬಾವುಟಕ್ಕೇ ಗುರಿಯಿಟ್ಟು, ತೊಗರಿಯ ತುದಿ ಸವರುತ್ತ ಬರುತ್ತದೆ. ತಲೆಯ ಮೇಲಿಂದ ಹಾದುಹೋದ ಮೇಲೆ ನಾನು ಪಕ್ಕಕ್ಕೆ ಸರಿದು ಮುಂದಿನ ಸಾಲು ತೋರಿಸಬೇಕು. ಹಾದುಹೋದ ಮೇಲೆ. ನಾನು ಮೊದಲೇ ಸರಿಯುತ್ತಿದ್ದೆ. ಸರಿಯುತ್ತಿದ್ದೆ ಎಂಬುದು ಮರ್ಯಾದೆಯ ಮಾತು, ಓಡುತ್ತಿದ್ದೆ. ನನ್ನ ಜೊತೆ ಬಾವುಟ ಓಡುತ್ತಿತ್ತು, ಬಾವುಟದ ಹಿಂದೆ ವಿಮಾನ ವಾಲುತ್ತಿತ್ತು. ನಿಂಬರ್ಗಾದಲ್ಲಿ ಹೀಗೇ ಒಬ್ಬನ ಔಷಧಿಯೆಲ್ಲ ಪಕ್ಕದ ಹೊಲದವನ ಬೆಳೆಗೆ ಬಿತ್ತು. ಪಕ್ಕದವನಿಗೆ ಆ ವರ್ಷ ತೊಗರಿ ಬಹಳ ಚೆನ್ನಾಗಿ ಬಂತು.

"ಲೇ, ನೀ ಅಂಜಿ ಓಡಿದ್ರ ನಾ ಯಾರ ಕಡಿ ನೋಡಿ ಬರ್ಲಿ?" ಎಂದು ಮಾಮಾ ಕೇಳಿದ್ದರು.

"ನಿಮಗ ರೆಕ್ಕಿ ಅದಾವ್ರಿ ಮಾಮಾ, ನನಗ ಬರೇ ಕಾಲ್ ಅದಾವ."

ಈ ಉತ್ತರವನ್ನು ಊರೆಲ್ಲ ಹೇಳಿಕೊಂಡು ನಗಿಸಿದ್ದೇನೆ. ಈಗ ಒಪ್ಪಿಕೊಳ್ಳುವ ವಯಸ್ಸು. ನೆಲಕ್ಕೆ ಅಷ್ಟು ಹತ್ತಿರ ವಾಲಿದ ವಿಮಾನ ಮತ್ತೆ ಏಳುವುದು ಕಷ್ಟವೆಂದು ನನಗೆ ಆಗಲೂ ಗೊತ್ತಿತ್ತು. ಗೊತ್ತಿದ್ದೇ ಓಡುತ್ತಿದ್ದೆ.

ಈಗ ಚಳಿಗಾಲ ಬಂತೆಂದರೆ ಸೊಲ್ಲಾಪುರದಿಂದ ಒಬ್ಬರು, ಹೈದರಾಬಾದಿನಿಂದ ಒಬ್ಬರು ಮುದಿ ಪೈಲಟ್‌ಗಳು ಅಕ್ಕನ ಮನೆಗೆ ಬರುತ್ತಾರೆ. ಕಟ್ಟೆಯ ಮೇಲೆ ಕೂತು ಸುಳ್ಳಿನ ರಾಶಿ ಹಾಕುತ್ತಾರೆ.

"ನಮ್ಮ ಚೌಕೀದಾರ ಗೇಟಿನ ಕೀಲಿ ತಗೊಂಡು ಬೀಗರ ಊರಿಗೆ ಹೋಗಿದ್ದ. ನಾ ವಿಮಾನ ಇಳಿಸಿ ಕಂಪೌಂಡ್ ಜಿಗಿದು ಮನಿಗೆ ಹೋದೆ," ಎಂದು ಸೊಲ್ಲಾಪುರದವರು.

"ನಮ್ಮ ರೇಡಿಯೋದವಂಗ ಹವಾ ಹ್ಯಾಂಗದ ಅಂತ ಕೇಳಿದ್ರ, ಬಿರಿಯಾನಿ ಆಗ್ಯದ, ಜಲ್ದಿ ಬಾ ಅಂತಿದ್ದ," ಎಂದು ಹೈದರಾಬಾದಿನವರು.

ಈ ಸಲ ಇಬ್ಬರೂ ಸೇರಿ ಇಜೇರಿ ದಾರಿಯ ಪಟ್ಟಿ ನೋಡಬೇಕೆಂದರು. ಅಕ್ಕನ ಮುಖ ಸಣ್ಣದಾಯಿತು. ಏಕೆಂದರೆ ಮಾಮಾನ ಕಣ್ಣಿನ ನರ ಒಣಗಿದೆ. ಅವರಿಗೆ ಕಾಣುವುದು ಬೆಳಕು, ನೆರಳು, ಮಂಜಿನಂಥ ಬಿಳುಪು, ಅಷ್ಟೇ. ಇದು ಗೆಳೆಯರಿಗೆ ಗೊತ್ತಾಗಕೂಡದೆಂದು ಮನೆಯಲ್ಲಿ ಕಟ್ಟಪ್ಪಣೆ.

"ಮನ್ಯಾಗ ಕಂಬಕ್ಕ ಹಾಯ್ತೀರಿ. ಅಲ್ಲಿ ಹೋಗಿ ಏನ್ ನೋಡ್ತೀರಿ?" ಎಂದು ಅಕ್ಕ ಅಡುಗೆಮನೆಯಲ್ಲಿ ಪಿಸುಗುಟ್ಟಿದಳು.

"ನೋಡಾಕ ಅಲ್ಲ ಬೇ. ಅವರ ಮುಂದ ಒಂದ್ ಸಲ, ಯಾರ ಕೈನೂ ಹಿಡೀದೆ, ಈ ತುದಿಯಿಂದ ಆ ತುದಿಗೆ ಹೋಗಬೇಕು. ಆಮ್ಯಾಲ ಬೇಕಾದ್ರ ಕೋಲು ಕೊಡು." ಆಮೇಲೆ ನನ್ನ ಕಡೆ ತಿರುಗಿದರು. "ನೀ ಬಾವುಟ ಹಿಡಿ."

"ನಾನೇನ್ರಿ?"

"ಮತ್ಯಾರು? ಈಗ ಓಡಾಕ ನಿನಗೂ ಮೊಣಕಾಲಿಲ್ಲ."

ಹೋದೆವು. ಶೆಡ್ ಇರಲಿಲ್ಲ, ಕಂಬವೂ ಇರಲಿಲ್ಲ. ಎಮ್ಮೆಗಳು ಮಾತ್ರ ಇದ್ದವು, ಅದೇ ಜಾಗದಲ್ಲಿ, ಅದೇ ಅಧಿಕಾರದಿಂದ. ಸೊಲ್ಲಾಪುರದವರು ಎರಡೂ ಕೈ ಚಾಚಿ, ಬಾಯಲ್ಲಿ ಎಂಜಿನ್ ಸದ್ದು ಮಾಡುತ್ತ ಅವುಗಳ ಕಡೆ ಓಡಿದರು. ಎಮ್ಮೆಗಳು ನೋಡಿದವು, ಏಳಲಿಲ್ಲ. ಎರಡನೇ ಸುತ್ತಿಗೆ ಹೈದರಾಬಾದಿನವರೂ ರೆಕ್ಕೆ ಚಾಚಿದರು. ಕೊನೆಗೆ ಹೆದರಿ ಅಲ್ಲ, ನಾಚಿ ಎದ್ದವೆಂದು ಕಾಣುತ್ತದೆ.

ನಾನು ಮನೆಯಿಂದ ತಂದ ಬಿಳಿ ಧೋತರವನ್ನು ಕೋಲಿಗೆ ಕಟ್ಟಿ ಆ ತುದಿಯಲ್ಲಿ ನಿಂತೆ.

"ಎಮ್ಮಿ ಎದ್ದಾವ ಕ್ಯಾಪ್ಟನ್ ಸಾಬ್! ಎಡಕ್ಕ ಒಂದು ತಗ್ಗು ಅದ, ಉಳಿದದ್ದು ಖಾಲಿ. ಫಿಕರ್ ಬ್ಯಾಡ, ಬಾವುಟ ಸೀದಾ ಮುಂದದ," ಎಂದು ಹೈದರಾಬಾದಿನವರು ಕೂಗಿದರು.

ಕಣ್ಣಿದ್ದವರಿಗೆ ಇದನ್ನೆಲ್ಲ ಯಾರಾದರೂ ಕೂಗಿ ಹೇಳುತ್ತಾರೆಯೇ? ಅವರಿಬ್ಬರಿಗೂ ಗೊತ್ತಿತ್ತು. ಯಾವಾಗಿನಿಂದಲೋ ಗೊತ್ತಿತ್ತು.

ಮಾಮಾ ಹೊರಟರು. ಕೈ ಮುಂದೆ ಚಾಚಲಿಲ್ಲ. ನಡುವೆ ಸ್ವಲ್ಪ ಎಡಕ್ಕೆ ವಾಲಿದರು, ನಾನು ಬಾವುಟ ಬೀಸಿದೆ, ನೆಟ್ಟಗಾದರು. ಹತ್ತಿರ ಬಂದಂತೆ ನಡಿಗೆ ಜೋರಾಯಿತು. ದೂರ ಎಷ್ಟು ಉಳಿದಿದೆ ಎಂಬುದು ಅವರಿಗೆ ತಿಳಿಯುತ್ತಿಲ್ಲವೆಂದು ನನಗೆ ಗೊತ್ತಾಯಿತು. ನನ್ನ ಅಂಗಾಲು ಹಳೆಯ ಅಭ್ಯಾಸದಂತೆ ಜುಮ್ಮೆಂದಿತು.

ಮಾಮಾ ಬಂದು ನನ್ನ ಎದೆಗೆ ಹಾಯ್ದರು. ಇಬ್ಬರೂ ತೂರಾಡಿದೆವು. ಅವರ ಕೈ ನನ್ನ ಹೆಗಲು ಹುಡುಕಿ, ಕಿವಿ ಹಿಡಿದು ನೋಡಿತು.

"ಇಲ್ಲೇ ಇದ್ದೀ ಏನಲೇ?"

"ಇಲ್ಲೇ ಇದ್ದೇನ್ರಿ, ಮಾಮಾ."