ನಾನು ಮೂರು ಕಾಲೇಜುಗಳನ್ನು ಫೇಲು ಮಾಡಿದ ಪ್ರಸಂಗ

ಇಪ್ಪತ್ತೆರಡು ವರ್ಷಗಳ ಕಾಲ ಅನುಗೊಂಡನಹಳ್ಳಿಯ ಶಾಲೆಯಲ್ಲಿ ಮುಖ್ಯೋಪಾಧ್ಯಾಯನಾಗಿದ್ದು, ನೂರಾರು ಮಕ್ಕಳ ಹಣೆಬರಹವನ್ನು ಕೆಂಪು ಶಾಯಿಯಲ್ಲಿ ಬರೆದ ನನಗೆ, ಒಂದು ಕಾಲೇಜನ್ನು ಆರಿಸುವುದು ಒಂದು ಕೆಲಸವೆಂದೇ ಅನ್ನಿಸಲಿಲ್ಲ. ಮಕ್ಕಳನ್ನೇ ಪರೀಕ್ಷಿಸಿದವನಿಗೆ ಕಟ್ಟಡಗಳು ಯಾವ ಲೆಕ್ಕ! ಕಟ್ಟಡಗಳು ನಕಲು ಮಾಡುವುದಿಲ್ಲ. ಕಿಟಕಿಯಿಂದ ಹಾರಿ ಮಾವಿನತೋಪಿಗೆ ಓಡಿಹೋಗುವುದೂ ಇಲ್ಲ.

ಆಗ ಯುದ್ಧ ನಡೆಯುತ್ತಿತ್ತು. ತಂದೆಯವರು ತೀರಿಕೊಂಡ ಮೇಲೆ ಜಮೀನು ನೋಡಿಕೊಳ್ಳಲೆಂದು ನಾನು ಕೆಲಸ ಬಿಟ್ಟು ಹೊಸಕೋಟೆಯಲ್ಲಿ ಮನೆ ಮಾಡಿದ್ದೆ. ನಾನು ಕೆಲಸ ಬಿಟ್ಟಿದ್ದೆನೇ ಹೊರತು ಕೆಲಸ ನನ್ನನ್ನು ಬಿಟ್ಟಿರಲಿಲ್ಲ. ನೆರೆಯವರ ಮನೆಯಿಂದ ಬಂದ ಮದುವೆಯ ಕರೆಯೋಲೆಯನ್ನೂ ತಿದ್ದಿ ಹಿಂದಿರುಗಿಸುತ್ತಿದ್ದೆ. ಹೀಗಾಗಿ ನಮಗೆ ಕರೆಯೋಲೆಗಳು ಬರುವುದು ಕ್ರಮೇಣ ಕಡಿಮೆಯಾಗಿತ್ತು.

ಆ ವರ್ಷ ನನ್ನ ಮಗಳು ಸರೋಜ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಮೊದಲನೆಯ ದರ್ಜೆಯಲ್ಲಿ ತೇರ್ಗಡೆಯಾದಳು. ತಾನು ಡಾಕ್ಟರಾಗುವುದಾಗಿ ಘೋಷಿಸಿದಳು. ವೈದ್ಯಕೀಯಕ್ಕೆ ಸೇರಬೇಕಾದರೆ ಮೊದಲು ಬೆಂಗಳೂರಿನ ಯಾವುದಾದರೊಂದು ಕಾಲೇಜಿನಲ್ಲಿ ಎರಡು ವರ್ಷ ಇಂಟರ್‌ಮೀಡಿಯೆಟ್ ಓದಬೇಕಾಗಿತ್ತು. ನಮ್ಮ ರಾಗಿ ಹೊಲದ ಆದಾಯಕ್ಕೆ ನಿಲುಕುವ ಕಾಲೇಜು ಬೇಕಾಗಿತ್ತು.

ಸುದ್ದಿ ಕೇಳಿದ ನನ್ನ ಹೆಂಡತಿಯ ಅಣ್ಣ ಹನುಮೇಗೌಡ ಅದೇ ಸಂಜೆ ಬಂದಿಳಿದ. ಅವನ ಕೈಯಲ್ಲಿ ಒಂದು ಗಂಡಿನ ಜಾತಕವಿತ್ತು.

"ನೋಡಿ ಭಾವ, ಸಮೇತನಹಳ್ಳಿ ಗಂಡು. ಎರಡು ಬಾವಿ, ಏಳು ಎತ್ತು ಅವೆ."

"ಎತ್ತುಗಳು ಜೋಡಿಯಾಗಿರಬೇಕಲ್ಲವೆ? ಏಳನೆಯದು ಏನು ಮಾಡುತ್ತದೆ?" ಎಂದು ನಾನು ಕೇಳಿದೆ.

"ಎತ್ತಿನ ವಿಚಾರ ಆಮ್ಯಾಕೆ! ಕಾಲೇಜು ಸಿಕ್ರೆ ನಾನು ಬಾಯಿ ಬಿಡಲ್ಲ. ಈ ವರ್ಷ ಸಿಗ್ಲಿಲ್ವೋ, ಶ್ರಾವಣದಲ್ಲಿ ಲಗ್ನ. ಮಾತು ಕೊಡಿ."

ಕೊಟ್ಟೆ! ಸರೋಜ ಬಾಗಿಲ ಸಂದಿಯಿಂದ ನನ್ನನ್ನೇ ನೋಡುತ್ತಿದ್ದಳು. ಆ ಮುಖದಲ್ಲಿ ನನಗೆ ಕಂಡದ್ದು ತಂದೆಯ ಮೇಲಿನ ಸಂಪೂರ್ಣ ವಿಶ್ವಾಸ. ಅದು ಸಂಪೂರ್ಣ ಭಯವಾಗಿತ್ತೆಂದು ಅವಳು ಬಹಳ ವರ್ಷಗಳ ನಂತರ ತಿಳಿಸಿದಳು.

ಮರುದಿನವೇ ಕಾರ್ಯಾರಂಭ ಮಾಡಿದೆ. ನಾಲ್ಕು ಕಾಲೇಜುಗಳಿಗೆ ಪತ್ರ ಬರೆದು ಅವುಗಳ ವಿವರಣ ಪುಸ್ತಿಕೆಗಳನ್ನು ತರಿಸಿಕೊಂಡೆ. ದೊಡ್ಡ ಹಾಳೆಯ ಮೇಲೆ ಗೀಟುಕೋಲಿಟ್ಟು ಅಂಕಪಟ್ಟಿ ಎಳೆದೆ. ಶುಲ್ಕಕ್ಕೆ ಮೂವತ್ತು ಅಂಕ, ವಿದ್ಯಾರ್ಥಿನಿಲಯದ ಊಟಕ್ಕೆ ಇಪ್ಪತ್ತು, ಬಸ್ ನಿಲ್ದಾಣದಿಂದ ಇರುವ ದೂರಕ್ಕೆ ಹದಿನೈದು, ಶಿಸ್ತಿಗೆ ಹದಿನೈದು, ಬಾವಿಯ ನೀರಿಗೆ ಹತ್ತು, ನನ್ನ ಪತ್ರಕ್ಕೆ ಬಂದ ಉತ್ತರದ ಕೈಬರಹಕ್ಕೆ ಹತ್ತು. ಒಟ್ಟು ನೂರು. ಪಟ್ಟಿಯನ್ನು ಗೋಡೆಗೆ ಅಂಟಿಸಿ ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದೆ. ಕಣ್ಣು ತುಂಬಿಬಂತು!

ನನ್ನ ಹೆಂಡತಿ ಪುಟ್ಟಮ್ಮ ಸೌಟು ಹಿಡಿದುಕೊಂಡೇ ಬಂದು ನೋಡಿದಳು. ಅವಳು ಓದಿದ್ದು ಮೂರನೆಯ ತರಗತಿ.

"ಏನೂಂದ್ರೆ, ಬಾವಿ ನೀರಿಗೂ ಮಾರ್ಕು ಇಟ್ಟಿದೀರ. ಅಲ್ಲಿ ಏನು ಓದಿಸ್ತಾರೆ ಅನ್ನೋದಕ್ಕೆ ಒಂದು ಮನೆ ಇಲ್ವಾ?"

ನಾನು ಕರುಣೆಯಿಂದ ನಕ್ಕೆ. "ನೋಡು, ಓದಿಸುವುದು ಎಲ್ಲ ಕಾಲೇಜುಗಳಿಗೂ ಸಮಾನವಾದ ಗುಣ. ಎಲ್ಲರಲ್ಲಿಯೂ ಸಮಾನವಾಗಿರುವುದಕ್ಕೆ ಅಂಕ ಕೊಡುವ ಪದ್ಧತಿಯಿಲ್ಲ. ಮನುಷ್ಯನಿಗೆ ಮೂಗು ಇದೆಯೆಂದು ಯಾರಾದರೂ ಅಂಕ ಕೊಡುತ್ತಾರೆಯೆ?"

"ಮೂಗಿಲ್ದೋನು ಬಂದ್ರೆ?" ಎಂದಳು ಪುಟ್ಟಮ್ಮ.

ಇದು ಪಠ್ಯಕ್ರಮದ ಹೊರಗಿನ ಪ್ರಶ್ನೆಯಾದ್ದರಿಂದ ನಾನು ಉತ್ತರಿಸಲಿಲ್ಲ. ಪುಸ್ತಿಕೆಗಳ ಮೂರನೆಯ ಪುಟದಲ್ಲಿ ಪಠ್ಯವಿಷಯಗಳ ಪಟ್ಟಿಯಿತ್ತು. ನಾಲ್ಕರಲ್ಲಿಯೂ ಆ ಪುಟವನ್ನು ಓದದೆ ಮಗುಚಿದೆ.

"ಅಪ್ಪಾ, ಆ ಹುಡುಗಿಯರ ಕಾಲೇಜು ಚೆನ್ನಾಗಿದೆಯಂತೆ, ನಮ್ಮ ಟೀಚರಮ್ಮ..." ಎಂದು ಸರೋಜ ಬಾಯಿ ತೆರೆದಳು.

"ಪರೀಕ್ಷೆ ನಡೆಯುತ್ತಿರುವಾಗ ಮಾತನಾಡಬಾರದು," ಎಂದೆ.

ಫಲಿತಾಂಶ ಪ್ರಕಟವಾಯಿತು. ಅದೇ ತಾನೇ ಆರಂಭವಾಗಿದ್ದ ಒಂದು ಸಣ್ಣ ಕಾಲೇಜು ಎಂಬತ್ತೇಳು ಅಂಕ ಪಡೆದು ಪ್ರಥಮ ಸ್ಥಾನ ಗಳಿಸಿತು. ಶುಲ್ಕ ಉಳಿದವುಗಳ ಅರ್ಧದಷ್ಟಿತ್ತು. ಅಷ್ಟು ಕಡಿಮೆ ಏಕೆ ಎಂಬ ಪ್ರಶ್ನೆ ಬೇರೆ ಯಾರಿಗಾದರೂ ಹುಟ್ಟುತ್ತಿತ್ತು. ನನಗೆ ಹುಟ್ಟಲಿಲ್ಲ. ತೇರ್ಗಡೆಗೆ ನಾನು ಗೊತ್ತುಮಾಡಿದ್ದು ಅರವತ್ತು. ಹುಡುಗಿಯರ ಕಾಲೇಜಿಗೆ ಐವತ್ತೆಂಟು. ಇನ್ನೆರಡು ಅದಕ್ಕೂ ಕೆಳಗೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಸಾಮಾನ್ಯ ದಡ್ಡನಾಗಿ ಉಳಿಯುತ್ತಿದ್ದೆ. ಆದರೆ ಫಲಿತಾಂಶವನ್ನು ಅಭ್ಯರ್ಥಿಗಳಿಗೆ ತಿಳಿಸದಿರುವುದು ಅಧ್ಯಾಪಕ ಧರ್ಮಕ್ಕೆ ವಿರುದ್ಧ! ಫೇಲಾದ ಮೂರು ಕಾಲೇಜುಗಳ ಪ್ರಿನ್ಸಿಪಾಲರಿಗೂ ತಲಾ ಒಂದು ಪ್ರಗತಿಪತ್ರ ಸಿದ್ಧಪಡಿಸಿದೆ. ಹುಡುಗಿಯರ ಕಾಲೇಜಿಗೆ ಬರೆದದ್ದು ಹೀಗಿತ್ತು: "ಶುಲ್ಕ: ಅತಿಯಾಸೆ ಕಂಡುಬರುತ್ತದೆ. ಊಟ: ಮುದ್ದೆಯ ಪ್ರಸ್ತಾಪವಿಲ್ಲ. ಶಿಸ್ತು: ಸಾಧಾರಣ. ಕೈಬರಹ: ದಿನವೂ ಒಂದು ಪುಟ ಕಾಪಿ ಬರೆಯತಕ್ಕದ್ದು. ಶ್ರಮಪಟ್ಟಲ್ಲಿ ಮುಂದಿನ ವರ್ಷ ತೇರ್ಗಡೆಯಾಗುವ ಸಂಭವವುಂಟು." ಅಭ್ಯಾಸಬಲದಿಂದ ಕೊನೆಯಲ್ಲಿ ಇನ್ನೊಂದು ಸಾಲೂ ಸೇರಿಹೋಯಿತು: "ಪೋಷಕರ ರುಜು ಪಡೆದು ಹಿಂದಿರುಗಿಸತಕ್ಕದ್ದು." ಕೆಳಗೆ ನನ್ನ ಹೆಸರು, ಊರು, ಮುಖ್ಯೋಪಾಧ್ಯಾಯನ ಹಳೆಯ ಮೊಹರು. ಅಂಚೆಗೆ ಹಾಕಿಬಂದ ಆ ಮಧ್ಯಾಹ್ನ ಎರಡು ಮುದ್ದೆ ಹೆಚ್ಚಾಗಿ ಉಂಡೆ.

ಅರ್ಜಿ ಸಲ್ಲಿಸುವ ಕೊನೆಯ ದಿನ ಎಲ್ಲ ಕಾಲೇಜುಗಳಿಗೂ ಒಂದೇ ಆಗಿತ್ತು. ಒಂದೇ ಕಾಲೇಜಿಗೆ ಹೋಗುವವನಿಗೆ ಅವಸರವೇನು ಎಂದು ಆ ಕೊನೆಯ ದಿನವೇ ಸರೋಜಳೊಂದಿಗೆ ಹೊರಟೆ. ಯುದ್ಧದಿಂದಾಗಿ ಪೆಟ್ರೋಲು ಸಿಗದ ಆ ದಿನಗಳಲ್ಲಿ ನಮ್ಮ ಬಸ್ಸು ಇದ್ದಿಲಿನ ಗ್ಯಾಸಿನಿಂದ ಓಡುತ್ತಿತ್ತು. ಹಿಂಬದಿಗೆ ಒಂದು ದೊಡ್ಡ ಒಲೆ. ಸಮತಟ್ಟಾದ ರಸ್ತೆಯಲ್ಲಿ ಅದು ಬಸ್ಸು. ದಿಣ್ಣೆ ಬಂತೆಂದರೆ ಅದು ಬರೀ ಒಲೆ! ಕಂಡಕ್ಟರ್ ಮುನಿಯಪ್ಪ ನನ್ನ ಹಳೆಯ ವಿದ್ಯಾರ್ಥಿ. ನಾನು ಅವನನ್ನು ಗಣಿತದಲ್ಲಿ ಒಂದೇ ಅಂಕಕ್ಕೆ ಫೇಲು ಮಾಡಿದ್ದೆ.

"ಮೇಷ್ಟ್ರೇ, ಇಳೀರಿ, ಎಲ್ರೂ ನೂಕ್ಬೇಕು."

"ನಾನು ಪೂರ್ತಿ ಟಿಕೆಟ್ಟು ಕೊಂಡಿದ್ದೇನಪ್ಪ."

"ನಾನೂ ಪೂರ್ತಿ ವರ್ಷ ಓದಿದ್ದೆ ಸಾ, ಬಿಟ್ರಾ ನೀವು? ಎಲ್ಲ ಸಬ್ಜೆಕ್ಟಲ್ಲೂ ಪಾಸು, ಒಂದ್ರಲ್ಲಿ ಹೋದ್ರೆ ಎಲ್ಲಾ ಹೋದಂಗೆ ಅಂದ್ರಿ. ಇಳೀರಿ, ಇಳೀರಿ!"

ಇಳಿದು ನೂಕಿದೆ. ಬಿಳಿಯ ಪಂಚೆ, ಬಿಳಿಯ ಕೋಟು, ಬಿಳಿಯ ಪೇಟ ಧರಿಸಿ ಹೊರಟವನು ಬೆಂಗಳೂರು ತಲುಪುವ ವೇಳೆಗೆ ಇದ್ದಿಲಿನ ವ್ಯಾಪಾರಿಯಂತಾಗಿದ್ದೆ.

ಎಂಬತ್ತೇಳು ಅಂಕದ ಕಾಲೇಜು ನಿಜಕ್ಕೂ ಚೆನ್ನಾಗಿತ್ತು. ಬಾವಿಯ ನೀರು ಕುಡಿದು ನೋಡಿದೆ. ನಾನು ಕೊಟ್ಟ ಅಂಕ ಸರಿಯಾಗಿಯೇ ಇತ್ತು! ಗುಮಾಸ್ತನು ಅರ್ಜಿಯ ನಮೂನೆಯನ್ನು ಮುಂದಿಡುತ್ತಿದ್ದಂತೆ, ಅತ್ತಿತ್ತ ಕತ್ತು ಚಾಚಿ ನೋಡುತ್ತಿದ್ದ ಸರೋಜ ಮೆಲ್ಲಗೆ ಕೇಳಿದಳು:

"ಸಾರ್, ಕಪ್ಪೆ ಕೊಯ್ಯೋ ಕೋಣೆ ಎಲ್ಲಿ?"

ಗುಮಾಸ್ತನು ಕುರ್ಚಿಯನ್ನು ಹಿಂದಕ್ಕೆ ಸರಿಸಿದ. "ಕಪ್ಪೆನಾ? ಕಪ್ಪೆ ಯಾಕಮ್ಮಾ ಕೊಯ್ತೀಯ?"

"ಡಾಕ್ಟರಾಗೋರು ಇಂಟರ್‌ಮೀಡಿಯೆಟ್‌ನಲ್ಲಿ ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ ಓದ್ಲೇಬೇಕಲ್ವಾ ಸಾರ್?"

"ಇದು ಆರ್ಟ್ಸ್ ಕಾಲೇಜು ತಾಯಿ. ನಮ್ಮಲ್ಲಿ ಕಪ್ಪೆನೂ ಇಲ್ಲ, ಲ್ಯಾಬೂ ಇಲ್ಲ. ಅದಕ್ಕೇ ಫೀಸು ಕಮ್ಮಿ. ಚರಿತ್ರೆ ಇದೆ, ಅರ್ಥಶಾಸ್ತ್ರ ಇದೆ, ತರ್ಕಶಾಸ್ತ್ರ ಇದೆ."

ತರ್ಕಶಾಸ್ತ್ರ! ಆ ತರಗತಿಗೆ ಅಂದು ಯಾರಾದರೂ ಸೇರಬೇಕಾಗಿದ್ದರೆ ಅದು ನಾನು.

ಸರೋಜ ಅಳಲಿಲ್ಲ. ನನ್ನ ಕೈಚೀಲದಿಂದ ನಾಲ್ಕು ಪುಸ್ತಿಕೆಗಳನ್ನೂ ಎಳೆದು ಮೂರನೆಯ ಪುಟಗಳನ್ನು ತೆರೆದಳು. ನಾಲ್ಕರಲ್ಲಿ ಆ ಎರಡು ವಿಷಯಗಳಿದ್ದದ್ದು ಒಂದೇ ಕಾಲೇಜಿನಲ್ಲಿ. ಹುಡುಗಿಯರ ಕಾಲೇಜು. ಐವತ್ತೆಂಟು ಅಂಕ. ಕಾಪಿ ಬರೆಯತಕ್ಕದ್ದು.

"ನಡೀರಿ ಅಪ್ಪಾ, ನಾಲ್ಕು ಗಂಟೆಗೆ ಬಾಗಿಲು ಹಾಕ್ತಾರೆ!"

ಮಗಳಿಗೆ ಪ್ರಗತಿಪತ್ರದ ವಿಷಯ ಗೊತ್ತಿರಲಿಲ್ಲ. ದಾರಿಯಲ್ಲಿ ಜಟಕಾಬಂಡಿಯೊಳಗೆ ಕುಳಿತು ತಪ್ಪೊಪ್ಪಿಕೊಂಡೆ. ಅವಳು ಕೇಳಿದ್ದು ಒಂದೇ ಪ್ರಶ್ನೆ.

"ಮೊಹರೂ ಹಾಕಿದ್ರಾ?"

"ಎರಡು ಕಡೆ," ಎಂದೆ.

ಪ್ರಿನ್ಸಿಪಾಲರು ಸುಮಾರು ನನ್ನ ವಯಸ್ಸಿನ ಹೆಂಗಸು. ಬಿಳಿಯ ಸೀರೆ, ದಪ್ಪ ಕನ್ನಡಕ. ಮೇಜಿನ ಗಾಜಿನ ಕೆಳಗೆ ಎಲ್ಲರಿಗೂ ಕಾಣುವಂತೆ ಒಂದು ಕಾಗದ ಇತ್ತು. ಕೆಂಪು ಶಾಯಿ! ನಾನು ಅದನ್ನು ನೋಡಿದ್ದನ್ನು ಅವರು ನೋಡಿದರು.

"ಹೊಸಕೋಟೆಯವರಾ?"

ಮಸಿ ಬಳಿದ ಈ ಮುಖ ಮುಖ್ಯೋಪಾಧ್ಯಾಯನದೆಂದು ಯಾರೂ ನಂಬಲಾರರೆಂಬ ಆಸೆಯಿಂದ, "ಆ ಕಡೆಯವರು," ಎಂದೆ.

ಅವರು ನಾವು ಆಗತಾನೇ ತುಂಬಿಕೊಟ್ಟ ಅರ್ಜಿಯ ಮೇಲಿನ ನನ್ನ ರುಜುವನ್ನೂ ಗಾಜಿನ ಕೆಳಗಿನ ರುಜುವನ್ನೂ ಹೋಲಿಸಿ ನೋಡಿದರು. ನನ್ನ ಕೈಬರಹ ಅಷ್ಟು ಸ್ಪಷ್ಟವಾಗಿ, ಅಷ್ಟು ಏಕರೂಪವಾಗಿ ಇರುವುದಕ್ಕಾಗಿ ಜೀವನದಲ್ಲಿ ಮೊದಲ ಬಾರಿಗೆ ಪಶ್ಚಾತ್ತಾಪಪಟ್ಟೆ.

"ಪೋಷಕರ ರುಜು ಹಾಕಿಸಿ ಕಳಿಸಿ ಅಂತ ಬರೆದಿದ್ದೀರಿ. ನಮ್ಮ ತಂದೆಯವರು ತೀರಿಕೊಂಡು ಹತ್ತು ವರ್ಷ ಆಯ್ತು. ಯಾರ ಕೈಲಿ ಹಾಕಿಸ್ಲಿ ಸ್ವಾಮಿ?"

ಎದ್ದು ನಿಂತೆ. ಇಪ್ಪತ್ತೆರಡು ವರ್ಷ ಇತರರನ್ನು ನಿಲ್ಲಿಸಿದವನಿಗೆ ನಿಲ್ಲುವುದು ಹೇಗೆಂದು ತಿಳಿಯದೆ ಕೈಕಟ್ಟಿದೆ. "ತಪ್ಪಾಯಿತು. ನನ್ನನ್ನು ಫೇಲು ಮಾಡಿ. ಹುಡುಗಿ ನಿರಪರಾಧಿ."

ಅವರು ನನ್ನನ್ನು ಬಿಟ್ಟು ಸರೋಜಳ ಕಡೆ ತಿರುಗಿದರು. "ಒಂದೇ ಸೀಟು ಉಳಿದಿದೆ. ನೀನು ಯಾಕಮ್ಮಾ ಡಾಕ್ಟರಾಗ್ಬೇಕು?"

"ನಮ್ಮೂರಲ್ಲಿ ಹೆಂಗಸರು ಗಂಡಸು ಡಾಕ್ಟ್ರ ಹತ್ರ ಹೋಗಲ್ಲ ಮೇಡಂ. ಗಂಡಂಗೆ ಹೇಳ್ತಾರೆ, ಗಂಡ ಹೋಗಿ ಡಾಕ್ಟ್ರಿಗೆ ಹೇಳ್ತಾನೆ. ಹೋದ ವರ್ಷ ನಮ್ಮಮ್ಮಂಗೆ ನೋವು ಬಂತು. ಅಪ್ಪ ಪಟ್ಟಿ ಮಾಡ್ಕೊಂಡು ಹೋದ್ರು. ಎಷ್ಟು ಗಂಟೆಗೆ ಬರುತ್ತೆ, ಎಷ್ಟು ಹೊತ್ತು ಇರುತ್ತೆ, ಏನು ಊಟ ಮಾಡಿದ್ಲು, ಎಲ್ಲ ಇತ್ತು. ನೋವು ಎಲ್ಲಿ ಅನ್ನೋದು ಮಾತ್ರ ಇರ್ಲಿಲ್ಲ. ಅಪ್ಪ ಮಂಡಿ ಇರ್ಬೇಕು ಅಂದ್ರು. ಅಮ್ಮಂಗೆ ನೋಯ್ತಾ ಇದ್ದಿದ್ದು ಹೊಟ್ಟೆ. ಮೂರು ವಾರ ಮಂಡಿಗೆ ಎಣ್ಣೆ ಹಚ್ಕೊಂಡು ಅತ್ಲು."

ಆ ಮೂರು ವಾರ ಪುಟ್ಟಮ್ಮ ನನಗೆ ಒಂದು ಮಾತೂ ಅಂದಿರಲಿಲ್ಲ.

ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸಿದರು. ಅರ್ಜಿಯ ಮೇಲೆ ಏನೋ ಗೀಚಿ ರುಜು ಮಾಡಿದರು. ಆ ಕೈಬರಹ ನನಗೆ ಬಹಳ ಸುಂದರವಾಗಿ ಕಂಡಿತು!

"ಸೀಟು ಕೊಟ್ಟಿದ್ದೀನಿ. ಮೊದಲ ದರ್ಜೆ ಹುಡುಗಿಯರಿಗೆ ಇಲ್ಲಿ ಫೀಸು ಪೂರ್ತಿ ಮಾಫಿ. ನಮ್ಮ ಪುಸ್ತಿಕೆಯಲ್ಲೇ ಇದೆಯಲ್ಲ, ಮೂರನೇ ಪುಟ, ವಿಷಯಗಳ ಪಟ್ಟಿ ಕೆಳಗೆ. ತಾವು ಓದಿರ್ತೀರಿ."

ನಾನು ಗಂಭೀರವಾಗಿ ತಲೆಯಾಡಿಸಿದೆ.

"ಒಂದು ಷರತ್ತು. ತಾವು ಮಾತ್ರ ಗೇಟಿನ ಒಳಗೆ ಬರಕೂಡದು. ನಮ್ಮ ಅಧ್ಯಾಪಕಿಯರು ಇನ್ನೂ ಚಿಕ್ಕ ವಯಸ್ಸಿನವರು. ಹೆದರ್ಕೋತಾರೆ."

ಹೊರಗೆ ಬಂದ ಸರೋಜ ರಸ್ತೆಯಲ್ಲಿಯೇ ಎರಡು ಸುತ್ತು ಗಿರಗಿರನೆ ತಿರುಗಿದಳು. ಜಟಕಾದ ಕುದುರೆ ಬೆಚ್ಚಿತು. ನನಗೂ ತಿರುಗಬೇಕೆನ್ನಿಸಿತು. ಪೇಟದ ಗೌರವ ಅಡ್ಡಬಂತು. ಹನುಮೇಗೌಡ ಜಾತಕವನ್ನು ಹಿಂದಕ್ಕೆ ಕೊಂಡೊಯ್ದ. ಪುಟ್ಟಮ್ಮ ಗೋಡೆಯ ಅಂಕಪಟ್ಟಿಯನ್ನು ಕಿತ್ತು ಹಪ್ಪಳ ಒಣಗಿಸಲು ಹಾಸಿಕೊಂಡಳು.

ಮುಂದಿನ ಎರಡು ವರ್ಷ ಪ್ರತಿ ಶನಿವಾರ ಪುಟ್ಟಮ್ಮ ಕೊಟ್ಟ ರಾಗಿ ಹುರಿಹಿಟ್ಟಿನ ಡಬ್ಬಿ ಹಿಡಿದು, ಬಸ್ಸು ಹತ್ತಿ, ಬಸ್ಸು ನೂಕಿ, ಆ ಗೇಟಿನ ಮುಂದೆ ಹೋಗಿ ನಿಲ್ಲುತ್ತಿದ್ದೆ. ಕಾವಲುಗಾರನು ನನ್ನ ಹೆಸರನ್ನಾಗಲಿ ಹಿಂದಿನ ಹುದ್ದೆಯನ್ನಾಗಲಿ ಒಮ್ಮೆಯೂ ಕೇಳಲಿಲ್ಲ. ದೂರದಲ್ಲಿ ನಾನು ಕಾಣುತ್ತಿದ್ದಂತೆಯೇ ಒಳಕ್ಕೆ ತಿರುಗಿ ಗಂಟಲು ಹರಿಯುವಂತೆ ಕೂಗುತ್ತಿದ್ದ:

"ಸರೋಜಮ್ಮಾ, ನಿಮ್ ಡಬ್ಬಿ ಬಂತು!"

ಡಬ್ಬಿ ಒಳಗೆ ಹೋಗುತ್ತಿತ್ತು. ನಾನು ಹೊರಗೆ ನಿಲ್ಲುತ್ತಿದ್ದೆ.