ಅರ್ಧ ಇಂಚಿನ ಕಳ್ಳ

ಎರಡು ತುಂಡು ಬಟ್ಟೆ ಜೋಡಿಸಿ ಹೊಲಿದರೆ ಎರಡೂ ಒಂದಿಷ್ಟು ಚಿಕ್ಕವಾಗುತ್ತವೆ. ಅಂಚು ಹೊಲಿಗೆಯೊಳಗೆ ಸೇರಿಹೋಗುತ್ತದೆ. ಇದು ನಿಮಗೆ ಗೊತ್ತಿರಬೇಕು. ಮೊದಲ ಸಲ ಸೂಜಿ ಹಿಡಿದ ಮಗುವಿಗೂ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಐವತ್ತಮೂರು ವರ್ಷದ ನನಗೆ ಗೊತ್ತಿರಲಿಲ್ಲ. ಆ ಅಜ್ಞಾನವನ್ನು ಸುಮ್ಮನೆ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ನಾನು ಅದನ್ನು ಇನ್ನೂರ ಹದಿನಾರು ಸಲ ಪ್ರದರ್ಶಿಸಿದೆ.

ಈ ಅಂಕಣ ಓದುವವರಿಗೆ ನನ್ನ ಸ್ಟೀಲ್ ಸ್ಕೇಲಿನ ಪರಿಚಯ ಇದ್ದೇ ಇದೆ. ತಕ್ಕಡಿಯ ತಟ್ಟೆಯಡಿ ಮೇಣ ಮೆತ್ತಿದವನನ್ನು, ಮೀಟರ್ ಕೋಲನ್ನು ತುದಿಯಲ್ಲಿ ಸವೆಸಿಟ್ಟವನನ್ನು ನಾನು ಬಿಟ್ಟವನಲ್ಲ. ಬೀದಿಯಲ್ಲಿ ನನಗೆ ‘ತಕ್ಕಡಿ’ ಅಂತಲೇ ಹೆಸರು. (ಮನೆಯಲ್ಲಿರುವ ಹೆಸರನ್ನು ಸಂಪಾದಕರು ಅಚ್ಚು ಹಾಕುವುದಿಲ್ಲ.)

ಈಗ ನಮ್ಮ ಅತ್ತೆಯ ವಿಷಯ. ಅತ್ತೆ ಐದು ಅಡಿ ಒಂಬತ್ತು ಇಂಚು. ತೀರಿಕೊಂಡ ಮಾವ ಅವರಿಗಿಂತಲೂ ಎತ್ತರ. ವಿದ್ಯುತ್ ಕಂಬ ಹತ್ತುವ ಕೆಲಸದಲ್ಲಿದ್ದರು, ಅವರಿಗೆ ಏಣಿ ಬೇಕಿತ್ತೇ ಎಂಬ ಅನುಮಾನ ನನಗೆ ಇಂದಿಗೂ ಇದೆ. ನಮ್ಮ ಮನೆಯ ಯಾವ ಹೊದಿಕೆಯೂ ಅತ್ತೆಗೆ ಸಾಲುವುದಿಲ್ಲ. ಭುಜ ಮುಚ್ಚಿದರೆ ಪಾದ ಹೊರಗೆ, ಪಾದ ಮುಚ್ಚಿದರೆ ಭುಜ ಹೊರಗೆ. “ದಿನಾ ಬೆಳಗ್ಗೆ ಎದ್ದಾಗ ನನ್ನ ಒಂದು ತುದಿ ಮಂಜುಗಡ್ಡೆ ಆಗಿರುತ್ತೆ,” ಅನ್ನುತ್ತಾರೆ.

ಹೀಗಾಗಿ ನನ್ನ ಹೆಂಡತಿ ಅಮ್ಮನಿಗೆ ಗೊತ್ತಾಗದ ಹಾಗೆ ಒಂದು ಕೌದಿ ಹೊಲಿಯಲು ಹೊರಟಳು. ಬಟ್ಟೆ ಬೇರೆಲ್ಲಿಯದೂ ಅಲ್ಲ, ಮಾವನ ಎಂಟು ಅಂಗಿಗಳು. ಖಾಕಿ, ನೀಲಿ, ಮಾಸಿದ ಬಿಳಿ. ಅಷ್ಟೇ ಇದ್ದದ್ದು. ಅಂಥ ಬಟ್ಟೆ ಇನ್ನು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ ಎಂಬುದನ್ನು ದಯವಿಟ್ಟು ನೆನಪಿಡಿ. ನಾನು ಮರೆತೆ.

ಅವಳ ಕೆಲಸ ನೋಡುತ್ತ ಕೂತರೆ ಹೊತ್ತು ಹೋಗುವುದೇ ತಿಳಿಯುತ್ತಿರಲಿಲ್ಲ. ಖಾಕಿಯ ಒಂದು ಚೌಕ, ನೀಲಿಯ ಒಂದು ಚೌಕ ಮೇಲೆ ಕೆಳಗೆ ಇಡುತ್ತಾಳೆ. ಮೂಲೆಯಿಂದ ಮೂಲೆಗೆ ಗೆರೆ ಎಳೆದು, ಗೆರೆಯ ಎರಡೂ ಪಕ್ಕ ಹೊಲಿಗೆ ಹಾಕುತ್ತಾಳೆ. ಗೆರೆಯ ಮೇಲೆ ಕತ್ತರಿಸಿ ಬಿಡಿಸಿದರೆ, ಅರೆ! ಅರ್ಧ ಖಾಕಿ, ಅರ್ಧ ನೀಲಿಯ ಎರಡು ಹೊಸ ಚೌಕಗಳು! ಆದರೆ ಬೇಕಾದ್ದಕ್ಕಿಂತ ದೊಡ್ಡವು.

“ಬೇಕಂತಲೇ ದೊಡ್ಡದು ಮಾಡೋದ್ಯಾಕೆ?”

“ಆಮೇಲೆ ಕತ್ತರಿಸೋಕೆ.”

“ಆಮೇಲೆ ಕತ್ತರಿಸೋದಾದ್ರೆ ಮೊದಲೇ ಸರಿಯಾಗಿ ಕತ್ತರಿಸಬಾರದಾ?”

“ರೀ, ನಿಮ್ಮ ಲೇಖನ ಬರೆದಾದ ಮೇಲೆ ಸಂಪಾದಕರು ಏನು ಮಾಡ್ತಾರೆ?”

ನಾನು ಮಾತು ಬದಲಾಯಿಸಿದೆ.

ಕತ್ತರಿಸುವುದಕ್ಕೆ ಅವಳ ಹತ್ತಿರ ಒಂದು ವಿಶೇಷ ಉಪಕರಣ. ಗಾಜಿನಂತೆ ಪಾರದರ್ಶಕವಾದ ಚೌಕ ಪಟ್ಟಿ. ಅದರ ತಳದಲ್ಲಿ ಓರೆಯಾಗಿ ಒಂದು ಸಣ್ಣ ಕಾಲುವೆ. ಹೊಲಿಗೆಯ ಉಬ್ಬು ಆ ಕಾಲುವೆಯಲ್ಲಿ ಕೂತರೆ ಪಟ್ಟಿ ಅಲುಗುವುದೇ ಇಲ್ಲ. ಕೆಳಗೆ ಹಸಿರು ರಬ್ಬರ್ ಹಾಸು, ಕೈಯಲ್ಲಿ ಚಕ್ರದಂತೆ ಉರುಳುವ ಚಾಕು. ಕರ್! ಕರ್! ಎರಡು ಸಲ ಕರ್ ಅಂದರೆ ಎರಡು ಅಂಚು ನೇರ. ಪಟ್ಟಿ ತಿರುಗಿಸಿ ಇನ್ನೆರಡು ಕರ್. ಆ ಕಾಲುವೆ ಕಂಡುಹಿಡಿದ ಮಹಾನುಭಾವರು ಯಾರು, ಅವರ ಮನೆಯಲ್ಲಿ ಅವರನ್ನು ಹೇಗೆ ನೋಡಿಕೊಳ್ಳುತ್ತಾರೆ ಎಂದೆಲ್ಲ ನಾನು ಯೋಚಿಸಿದ್ದುಂಟು.

ಇನ್ನೂರ ಹದಿನಾರು ಚೌಕ ಮುಗಿಸಿ, ಜೋಡಿಸುವುದಷ್ಟೇ ಬಾಕಿ ಇಟ್ಟು, ಅವಳು ಎರಡು ದಿನಕ್ಕೆ ಅಕ್ಕನ ಮನೆಗೆ ಹೋದಳು. ಹೋಗುವಾಗ ಹೇಳಿದಳು: “ಹೊಲಿಗೆ ಕೋಣೆಗೆ ಕೈ ಹಾಕಬೇಡಿ.”

ಕೈ ಹಾಕಲಿಲ್ಲ. ಸ್ಕೇಲ್ ಹಾಕಿದೆ.

ಬರೀ ಕುತೂಹಲ, ನಂಬಿ. ಪಟ್ಟಿಯ ಮೇಲೆ ದೊಡ್ಡದಾಗಿ ‘ನಾಲ್ಕು’ ಅಂತ ಅಚ್ಚಾಗಿತ್ತು. ಅಳೆದೆ. ನಾಲ್ಕೂವರೆ ಇಂಚು! ಕಣ್ಣುಜ್ಜಿಕೊಂಡು ಮತ್ತೆ ಅಳೆದೆ. ನಾಲ್ಕೂವರೆ! ಚೌಕಗಳನ್ನು ಅಳೆದೆ. ಪ್ರತಿಯೊಂದೂ ನಾಲ್ಕೂವರೆ. ಗೋಡೆಗೆ ಅವಳೇ ಅಂಟಿಸಿದ ನಕ್ಷೆಯಲ್ಲಿ ಏನಿದೆ? ‘ಚೌಕ ನಾಲ್ಕು ಇಂಚು. ಹದಿನೆಂಟು ಸಾಲು. ಉದ್ದ ಎಪ್ಪತ್ತೆರಡು.’ ನಾಲ್ಕೂವರೆಯ ಲೆಕ್ಕದಲ್ಲಿ ಎಂಬತ್ತೊಂದು ಆಗುತ್ತದೆ! ಒಂಬತ್ತು ಇಂಚು ಕೌದಿ ಮಂಚದಿಂದ ಜೋತಾಡುತ್ತದೆ, ಅತ್ತೆ ಎಡವುತ್ತಾರೆ, ಸೊಂಟ ಮುರಿಯುತ್ತದೆ. ಸೊಂಟದ ಎಕ್ಸ್‌ರೇ ಕೂಡ ನನ್ನ ಕಣ್ಣ ಮುಂದೆ ಬಂತು.

ಇಪ್ಪತ್ತು ವರ್ಷದಲ್ಲಿ ಕಡಿಮೆ ಕೊಡುವ ಕಳ್ಳರನ್ನು ಸಾಕಷ್ಟು ಕಂಡಿದ್ದೆ. ಹೆಚ್ಚು ಕೊಡುವ ಕಳ್ಳನನ್ನು ಕಂಡದ್ದು ಅದೇ ಮೊದಲು. ಪಟ್ಟಿ ಹಿಡಿದುಕೊಂಡು ದಾರ-ಗುಂಡಿ ಮಾರುವ ಅಂಗಡಿಗೆ ನುಗ್ಗಿದೆ.

“ಏನಮ್ಮಾ ಇದು? ನಾಲ್ಕು ಅಂತ ಬರೆದು ನಾಲ್ಕೂವರೆ ಕೊಡ್ತೀರಾ?”

ಅಂಗಡಿಯಾಕೆ ಕನ್ನಡಕ ಮೇಲೇರಿಸಿದಳು. “ಸಾರ್, ಅದು ಹೊಲಿದಾದ ಮೇಲಿನ ಅಳತೆ. ಹೊಲಿದ ಮೇಲೆ...”

“ಆಮೇಲಿನ ಕಥೆ ಬೇಡ! ಹಾಲಿನವನು ನೊರೆ ಇಳಿದ ಮೇಲೆ ನೋಡಿ ಅಂತಾನೆ, ಬಣ್ಣದವನು ಒಣಗಿದ ಮೇಲೆ ನೋಡಿ ಅಂತಾನೆ. ಎಲ್ಲರದ್ದೂ ಒಂದು ‘ಆಮೇಲೆ’!”

ನಾಲ್ಕು ಜನ ಗಿರಾಕಿಗಳು ನೋಡುತ್ತಿದ್ದರು. ನನ್ನ ಧ್ವನಿ ನನಗೇ ಬಹಳ ಚೆನ್ನಾಗಿ ಕೇಳಿಸಿತು. ಆಕೆ ಕೊನೆಗೆ ಇಷ್ಟೇ ಹೇಳಿದಳು: “ಒಂದ್ಸಲ ನಿಮ್ಮ ಮನೆಯವರನ್ನ ಕೇಳಿ ಸಾರ್.”

ಕೇಳಬಹುದಿತ್ತು. ಫೋನ್ ಜೇಬಿನಲ್ಲೇ ಇತ್ತು. ಆದರೆ ಹೆಂಡತಿಯನ್ನು ಅವಳಿಗೇ ತಿಳಿಯದಂತೆ ಕಾಪಾಡುವ ಸುಖವೇ ಬೇರೆ.

ಬಾಗಿಲು ಹಾಕಿಕೊಂಡು ಕೂತೆ. ನಾಲ್ಕು ನಾಲ್ಕು ಚೌಕ ಒಂದರ ಮೇಲೊಂದಿಟ್ಟು, ಸ್ಕೇಲ್ ಒತ್ತಿ ಹಿಡಿದು, ಪಕ್ಕಪಕ್ಕದ ಎರಡು ಅಂಚಿನಿಂದ ಅರ್ಧರ್ಧ ಇಂಚು. ಕರ್! ಕರ್!

“ಅಳಿಯಂದಿರೇ, ಒಳಗೇನದು ಕರಕರ?” ಹೊರಗಿಂದ ಅತ್ತೆ.

“ಲೇಖನ ಅತ್ತೆ!”

“ಲೇಖನ ಅಷ್ಟು ಸದ್ದು ಮಾಡುತ್ತಾ?”

“ಹರಿತವಾದದ್ದು ಮಾಡುತ್ತೆ!”

ಎರಡನೇ ದಿನ ಮಧ್ಯಾಹ್ನಕ್ಕೆ ಎಲ್ಲ ಮುಗಿಯಿತು. ಇನ್ನೂರ ಹದಿನಾರೂ ಅಪ್ಪಟ ನಾಲ್ಕು ಇಂಚು. ಕತ್ತರಿಸಿದ ಎಳೆಗಳನ್ನೆಲ್ಲ, ಸಾಕ್ಷ್ಯ ನಾಶವಾಗಬಾರದೆಂದು, ಬಿಸ್ಕತ್ತಿನ ಡಬ್ಬಿಗೆ ತುಂಬಿಟ್ಟೆ.

ಸಂಜೆ ಹೆಂಡತಿ ಬಂದಳು. ಡಬ್ಬಿ ತೆರೆದು ತೋರಿಸಿ, ವರದಿ ಒಪ್ಪಿಸಿದೆ. ಅವಳು ಬೈಯಲಿಲ್ಲ. ಅಲ್ಲೇ ನನಗೆ ಹೆದರಿಕೆ ಶುರುವಾಯಿತು. ಮೂರು ಚೌಕ ತೆಗೆದುಕೊಂಡು ಯಂತ್ರದಲ್ಲಿ ಸಾಲಾಗಿ ಜೋಡಿಸಿ ಹೊಲಿದಳು. ಇಸ್ತ್ರಿ ಮಾಡಿ ಮುಂದಿಟ್ಟಳು.

“ನಡುವಿನದನ್ನ ಅಳೀರಿ.”

ಅಳೆದೆ. “ಮೂರೂವರೆ.”

“ಅರ್ಧ ಇಂಚು ಎಲ್ಲಿ ಹೋಯ್ತು?”

“ಅದೇ... ಎಲ್ಲಿ ಹೋಯ್ತು?” ನಿಜವಾಗಿಯೂ ತಿಳಿಯುವ ಆಸೆಯಿಂದಲೇ ಕೇಳಿದೆ.

ಅವಳು ಬಟ್ಟೆಯನ್ನು ಮಗುಚಿದಳು. ಹಿಂಬದಿಯಲ್ಲಿ, ಆ ಕಡೆ ಹೊಲಿಗೆಯಲ್ಲಿ ಕಾಲು ಇಂಚು, ಈ ಕಡೆ ಹೊಲಿಗೆಯಲ್ಲಿ ಕಾಲು ಇಂಚು, ಅಚ್ಚುಕಟ್ಟಾಗಿ ಮಲಗಿತ್ತು.

“ಇಲ್ಲಿದ್ದಾನೆ ನೋಡಿ ನಿಮ್ಮ ಕಳ್ಳ. ಪಟ್ಟಿಯವರು ಅವನಿಗೂ ಜಾಗ ಇಟ್ಟೇ ಅಳತೆ ಮಾಡಿದ್ರು. ಈಗ ಹದಿನೆಂಟು ಸಾಲಿಗೆ ಎಷ್ಟು ಕಡಿಮೆ ಆಯ್ತು ಹೇಳಿ. ಲೆಕ್ಕ ನಿಮಗೆ ಬರುತ್ತಲ್ಲ.”

ಒಂಬತ್ತು ಇಂಚು. ಅರವತ್ತಮೂರು ಇಂಚಿನ ಕೌದಿ, ಅರವತ್ತೊಂಬತ್ತು ಇಂಚಿನ ಅತ್ತೆ.

“ಅಂಚಿಗೆ ಬೇರೆ ಯಾವುದಾದ್ರೂ ಬಟ್ಟೆ...” ಅಂದೆ.

“ಅಪ್ಪನ ಅಂಗಿ ಇದ್ದದ್ದೇ ಎಂಟು ಕಣ್ರೀ.” ಡಬ್ಬಿಯಿಂದ ಒಂದು ನೀಲಿ ಎಳೆ ಎತ್ತಿ ಬೆರಳಿಗೆ ಸುತ್ತಿಕೊಂಡಳು. ಊರಿನ ಅಂಗಡಿಗಳಲ್ಲೆಲ್ಲ ಮೆರೆದ ನನ್ನ ಸ್ಕೇಲನ್ನು ಎಲ್ಲಿ ಬಚ್ಚಿಡಲಿ ಎಂದು ತಿಳಿಯದೆ ನಾನು ಬೆನ್ನ ಹಿಂದೆ ಹಿಡಿದು ನಿಂತೆ. ನಾನು ಅಂಕಣದಲ್ಲಿ ಬರೆದ ವಾಕ್ಯ ನನಗೇ ಬಾಯಿಪಾಠ: ‘ಅಳತೆಯಲ್ಲಿ ಅರ್ಧ ಇಂಚು ಕದ್ದವನು ಪೂರಾ ಕಳ್ಳನೇ.’

ಅವಳು ಕಣ್ಣೊರೆಸಿಕೊಂಡು ಎದ್ದಳು. ನೇರ ನನ್ನ ಬೀರುವಿನ ಮುಂದೆ ಹೋಗಿ ನಿಂತಳು.

“ಅದು ಸಭೆಗೆ ಹಾಕೋ ಅಂಗಿ ಕಣೇ!”

“ಗೊತ್ತು. ಗಟ್ಟಿ ಬಟ್ಟೆ.”

“ಆ ಬಿಳಿ ಗೆರೆಯದ್ದು ಹೊಸದು!”

“ಅದಕ್ಕೇ ಬೇಕು.”

ಇದ್ದ ಆರರಲ್ಲಿ ಐದು ಹೋದವು. ಉದ್ದಕ್ಕೆ ಮೂರು ಸಾಲು, ಅಗಲಕ್ಕೆ ಎರಡು. ಈ ಸಲ ಬಟ್ಟೆ ಹಿಡಿದವನು ನಾನು, ಚಾಕು ಹಿಡಿದವಳು ಅವಳು. ನನ್ನ ಮೇಲೆ ಆ ಮಟ್ಟಿನ ನಂಬಿಕೆ ಮಾತ್ರ ಉಳಿದಿತ್ತು.

ಮೊನ್ನೆ ಕೌದಿ ಅತ್ತೆಯ ಕೈ ಸೇರಿತು. ಖಾಕಿಯ ಮೇಲೆ ಬಹಳ ಹೊತ್ತು ಕೈಯಾಡಿಸಿದರು. ಆಮೇಲೆ ಮಲಗಿ ಗಲ್ಲದವರೆಗೆ ಎಳೆದುಕೊಂಡು ಪಾದ ಅಲ್ಲಾಡಿಸಿದರು. ಪಾದ ಕಾಣಲಿಲ್ಲ.

“ಕಾಲಿನ ಹತ್ತಿರದ ಈ ಬಿಳಿ ಗೆರೆ ಯಾರದು? ನಿಮ್ಮಪ್ಪಂದು ಅಲ್ಲವಲ್ಲ?”

“ಅಳಿಯಂದಿರದು ಅಮ್ಮಾ.”

“ಜಾಗ ಸರಿಯಾಗಿ ನೋಡಿ ಹಾಕಿದೀಯ,” ಅಂದು ಅತ್ತೆ ಪಾದವನ್ನು ಆರಾಮಾಗಿ ಚಾಚಿದರು.

ಆ ಅಂಗಡಿಯಾಕೆಯ ಮೇಲೆ ನಾಲ್ಕು ಜನರೆದುರು ಕೂಗಾಡಿದ್ದೆ. ಆದ್ದರಿಂದ ನಿಮ್ಮೆಲ್ಲರೆದುರು ಕ್ಷಮೆ ಕೇಳುತ್ತಿದ್ದೇನೆ: ತಪ್ಪಾಯಿತಮ್ಮಾ. ನಿಮ್ಮ ಪಟ್ಟಿ ಸರಿ, ನನ್ನ ಸ್ಕೇಲೂ ಸರಿ. ಅದನ್ನು ಹಿಡಿದವನು ಸರಿಯಿರಲಿಲ್ಲ.

ಇದನ್ನು ಬನಿಯನ್ನಿನಲ್ಲಿ ಕೂತು ಬರೆಯುತ್ತಿದ್ದೇನೆ; ಆರನೇ ಅಂಗಿ ಒಗೆಯಲು ಹೋಗಿದೆ. ಓದಿ ನಕ್ಕಿರಲ್ಲ, ಈಗ ಏಳಿ, ನಿಮ್ಮ ಬೀರು ತೆಗೆಯಿರಿ. ನಲವತ್ತು ಸೈಜಿನ ಅಂಗಿ ಒಂದಿದ್ದರೆ ಈ ಪತ್ರಿಕೆಯ ಕಚೇರಿಗೆ ಕಳಿಸಿ. ಅರ್ಧ ಇಂಚು ದೊಡ್ಡದಾದರೂ ಪರವಾಗಿಲ್ಲ. ಇಲ್ಲ, ತಡೆಯಿರಿ: ಅರ್ಧ ಇಂಚು ದೊಡ್ಡದನ್ನೇ ಕಳಿಸಿ.