ಟೇಬಲ್ಲಿಲ್ಲದ ಮನೆಯ ಸಂಜೆ

ವಯಸ್ಸಾದಂತೆ ರಕ್ತ, ಕಣ್ಣು, ಮೊಣಕಾಲು ಎಲ್ಲವನ್ನೂ ಟೆಸ್ಟಿಗೆ ಒಡ್ಡುವ ಧೈರ್ಯ ತಾನಾಗಿ ಬಂದುಬಿಡುತ್ತದೆ. ಮನಸ್ಸಿನ ಟೆಸ್ಟ್ ಅಂದರೆ ಮಾತ್ರ ನಾನು ಈಗಲೂ ಹಿಂದೆ ಸರಿಯುತ್ತೇನೆ. ಅದೂ ಸೊಸೆಯ ಎದುರಿಗೆ!

ಮಹಾರಾಷ್ಟ್ರದ ಗಡಿಯ ಊರಾದ ಗಡಹಿಂಗ್ಲಜದ ನಮ್ಮ ಹಿರಿಯ ಮಹಿಳೆಯರ ಮಂಡಳಕ್ಕೆ ಕೊಲ್ಲಾಪುರದಿಂದ ಒಬ್ಬ ಕೌನ್ಸೆಲರ್ ಹುಡುಗಿ ಬಂದಿದ್ದಳು. ನಾವು ಚಿತ್ರ ಬಿಡಿಸಬೇಕು, ಅವಳು ಅದರಲ್ಲಿ ನಮ್ಮ ಒಳಗನ್ನು ಓದಿ ಮನೆಯವರಿಗೆ ತಿಳಿಸಬೇಕು. ಸಬ್ಜೆಕ್ಟು, ನಿಮ್ಮ ಮನೆಯ ಸಂಜೆ. ನಾನು ಎತ್ತಿಕೊಂಡ ಪೆನ್ಸಿಲ್ಲನ್ನು ಮತ್ತೆ ಕೆಳಗಿಟ್ಟೆ. ಕಾರಣವಿತ್ತು. ಆಗಾಗ ನಾನು ಒಬ್ಬಳೇ ಎಸ್‌ಟಿ ಬಸ್ಸು ಹತ್ತಿ ಕೊಲ್ಲಾಪುರಕ್ಕೆ ಹೋಗಿ, ಕಾನ್ವೆಂಟಿನ ಗೆಳತಿ ಲೀಲಾಳ ಜೊತೆ ಹೊಟ್ಟೆ ತುಂಬ ಇಂಗ್ಲಿಷ್ ಮಾತಾಡಿ ಬರುತ್ತೇನೆ. "ಅತ್ತಿ, ಈ ವಯಸ್ಸಿನ್ಯಾಗ ಒಬ್ಬಾಕಿನ ಹೋಗೂದು ಬ್ಯಾಡ್ರಿ" ಎಂದು ಸೊಸೆ ಸುಜಾತಾ ಆಗಲೇ ರಾಗ ತೆಗೆದಿದ್ದಳು. ಚಿತ್ರದಲ್ಲಿ ಚೂರು ಡಿಪ್ರೆಷನ್ ಸಿಕ್ಕರೂ ಸಾಕು, ನನ್ನ ಬಸ್ ಬಂದ್.

ಪಕ್ಕದಲ್ಲಿ ಜೈನರ ಮನೆಯ ಪದ್ಮಕ್ಕ. ನಿಶ್ಚಿಂತೆಯಿಂದ ಬೋರಲು ಹಾಕಿದ ಪಾತ್ರೆ, ಆರಿದ ಒಲೆ, ತೊಳೆದಿಟ್ಟ ಖಾಲಿ ತಾಟು ಬರೆದಳು. ಹುಡುಗಿಯ ಕಣ್ಣು ತೇವವಾದವು. ಪದ್ಮಕ್ಕನ ಕೈ ಹಿಡಿದು, "ಆಜೀ, ಘರೀ ನೀಟ್ ಜೇವಾಯ್ಲಾ ದೇತಾತ್ ನಾ?" ಎಂದು ಮರಾಠಿಯಲ್ಲಿ ಪಿಸುಗುಟ್ಟಿದಳು. ಮನೆಯಲ್ಲಿ ಊಟವನ್ನಾದರೂ ಸರಿಯಾಗಿ ಹಾಕುತ್ತಾರೋ ಇಲ್ಲವೋ ಎಂಬ ಚಿಂತೆ ಅವಳಿಗೆ.

ಪದ್ಮಕ್ಕ ಮರಾಠಿ ಮರೆತು ಗಹಗಹಿಸಿದಳು. "ಅಯ್ಯ ನನ ಮಗಳ! ಹೊತ್ತು ಮುಳುಗೂದ್ರೊಳಗ ನಮ್ಮ ಊಟ ಮುಗದಿರತೈತಿ. ದೀಪ ಹಚ್ಚಿ ಉಣ್ಣೂ ಮಂದಿ ಅಲ್ಲ ನಾವು. ನಿನ್ನಿ ಹೋಳಿಗಿ ಉಂಡು ಏಳಾಕ ಆಗಿದ್ದಿಲ್ಲ ನನಗ!"

ಹುಡುಗಿಗೆ ಅದರ ಅರ್ಥವನ್ನು ನಾನೇ ಮರಾಠಿಯಲ್ಲಿ ಹೇಳಿದೆ. ಹೋಳಿಗೆ ಉಂಡವಳೇ ಉಪವಾಸದವಳಾದರೆ ನನ್ನ ಗತಿ? ನಮ್ಮ ಮನೆಯ ಸಂಜೆ ಎಂದರೆ ಮಗ ಹಾಲ್‌ನಲ್ಲಿ ಮೊಬೈಲ್ ನೋಡುತ್ತಾನೆ, ಸೊಸೆ ರೂಮಿನಲ್ಲಿ ಮೊಬೈಲ್ ನೋಡುತ್ತಾಳೆ, ನಾನು ಬಾಲ್ಕನಿಯಲ್ಲಿ ರಸ್ತೆ ನೋಡುತ್ತೇನೆ. ಇದನ್ನು ಬರೆಯುವುದುಂಟೇ? ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದ ನೀಟ್‌ನೆಸ್ಸನ್ನೆಲ್ಲ ಒಟ್ಟುಗೂಡಿಸಿ ಒಂದು ಡೈನಿಂಗ್ ಟೇಬಲ್ ಬರೆದೆ. ಸುತ್ತ ನಾವೆಲ್ಲ, ಎಲ್ಲರ ಬಾಯಿಯೂ ಕಿವಿಯವರೆಗೆ. ನಮ್ಮಲ್ಲಿ ಟೇಬಲ್ಲೇ ಇಲ್ಲ, ಆ ಮಾತು ಬೇರೆ.

"ವಂಡರ್‌ಫುಲ್! ಹ್ಯಾ ಆಜೀ ಏಕದಮ್ ಸುಖೀ" ಎಂದು ಹುಡುಗಿ ಚಿತ್ರವನ್ನು ಹಿಂದೆ ಕೂತಿದ್ದ ಸುಜಾತಾಳ ಕೈಗಿತ್ತಳು. ನಾನು ಉಸಿರು ಬಿಟ್ಟೆ. ಆದರೆ ಪದ್ಮಕ್ಕನ ಕೈ ಅಷ್ಟು ಹೊತ್ತು ಹಿಡಿದವಳು ನನಗೆ ಒಂದು ಪ್ರಶ್ನೆಯನ್ನೂ ಕೇಳದೆ ಮುಂದೆ ಹೋದಾಗ ಒಳಗೆಲ್ಲೋ ಚುರುಕ್ ಎಂದಿತು.

ರಿಕ್ಷಾದಲ್ಲಿ ಸುಜಾತಾ ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತಲೇ ಇದ್ದಳು. "ಅತ್ತಿ, ನೀವು ಮನ್ಯಾಗ ಇಷ್ಟ ಖುಷಿ ಅದೀರಿ ಅಂತ ನನಗ ಗೊತ್ತ ಇರಲಿಲ್ರಿ." ಚಿತ್ರವನ್ನು ಜೋಪಾನವಾಗಿ ಮಡಚಿ ಪರ್ಸಿಗೆ ಹಾಕಿಕೊಂಡಳು. "ಮತ್ತ ಆ ಕೊಲ್ಲಾಪುರದ ತ್ರಾಸ ಯಾಕ ತಗೋತೀರಿ? ಲೀಲಾ ಆಂಟಿಗೆ ವಿಡಿಯೋ ಕಾಲ್ ಹಚ್ಚಿ ಕೊಡ್ತೇನಿ, ಆತಿಲ್ಲೊ?"

ಆತು ಅಂದೆ. ಅಷ್ಟು ಸುಖಿಯಾದ ಅತ್ತೆ ಬೇರೆ ಏನು ತಾನೇ ಅಂದಾಳು!